ಕೈಗೆ ತಿಳಿಯುವ ಹಿಡಿಕೆ

ಕೋಡಿಬಾಗದಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಶಿಕ್ಷಕಿ. ಎಲ್ಲರಿಗೂ ಅವರು ಅಕ್ಕೋರು. ಅವರ ಯಜಮಾನರ ಕಣ್ಣು ಪೂರ್ತಿ ಹೋಗಿತ್ತು. ಒಂದು ಲೋಟ ಚಹಾಕ್ಕೂ ಹೆಂಡತಿಯನ್ನು ಕೂಗಬೇಕಲ್ಲ ಎಂದು ಅವರು ಮಂಕಾಗಿದ್ದರು. ಕಪಾಟುಗಳಿಗೆ ಹೊಸ ಹಿಡಿಕೆ ತರಲು ಅಕ್ಕೋರು ಹೊರಟಾಗ ನಾನೂ ಜೊತೆಗೆ ಹೋದೆ.

ಅಂಗಡಿಯವರು ಹೊಳೆಯುವ ಹಿಡಿಕೆಯೊಂದನ್ನು ಮುಂದಿಟ್ಟು, "ಎಲ್ಲಾ ಬಾಗಿಲಿಗೂ ಇದೇ ಹಾಕಿ ಅಕ್ಕೋರೆ, ಚಂದ ಕಾಣ್ತದೆ," ಎಂದರು.

"ಕಾಣೋದು ಇರ್ಲಿ, ಕೈಗೆ ತಿಳೀಬೇಕು."

ಅಕ್ಕೋರು ಕಣ್ಣು ಮುಚ್ಚಿ ಒಂದೊಂದನ್ನೇ ಸವರತೊಡಗಿದರು. ಚಹಾ ಸಾಮಾನಿನ ಕಪಾಟಿಗೆ ದುಂಡನೆಯದು, ಪಾತ್ರೆಯದಕ್ಕೆ ಉದ್ದನೆಯದು. ಬಚ್ಚಲುಮನೆಯಲ್ಲಿ ಫಿನಾಯಿಲ್ ಇಡುವ ಕಪಾಟಿಗೆ ಮಾತ್ರ, ಮುಟ್ಟಿದ ಕೂಡಲೇ ಗುರುತು ಸಿಗುವಂಥ ಒರಟಾದದ್ದು. ಗಿರಾಕಿಗಳು ನಿಂತು ನೋಡುತ್ತಿದ್ದರೂ ಕಣ್ಣು ತೆರೆಯಲಿಲ್ಲ. "ಕೈಗೆ ತಿಳೀಬೇಕು" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಹಿಡಿಕೆಗಳನ್ನು ಕಪಾಟುಗಳಿಗೆ ಜೋಡಿಸಿದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಯಜಮಾನರು ತಾವೇ ಚಹಾ ಮಾಡುತ್ತೇನೆಂದು ಒಳಗೆ ನಡೆದರು. ಪಾತ್ರೆಯೊಂದು ಬಿದ್ದ ಸದ್ದಾಯಿತು. ಏಳಹೋದ ನನ್ನನ್ನು ಅಕ್ಕೋರು ಮುಂಗೈ ಹಿಡಿದು ಕೂರಿಸಿದರು.

ಕೊನೆಗೆ ಯಜಮಾನರು ಚಹಾದ ತಟ್ಟೆ ಹಿಡಿದು ನಿಧಾನವಾಗಿ ಬಂದರು. ಅಕ್ಕೋರು ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ ಆಯ್ತು ನೋಡಿ," ಎಂದರು.

ಯಜಮಾನರು ನಗುತ್ತ ಮತ್ತೆ ಒಳಗೆ ಹೋದರು.