ಕೇಣಿಯ ಖಾಲಿ ದಂಡೆ

ವಿನುತಾ ಹರಿಕಂತ್ರಳನ್ನು ನಾನು ಮೊದಲು ನೋಡಿದ್ದು ಅಂಕೋಲೆಯ ಮೀನುಪೇಟೆಯಲ್ಲಿ. ತಾಯಿ ಚಂಪಾ ಗಿರಾಕಿಗಳ ಜೊತೆ ಜಗಳಕ್ಕೆ ನಿಂತಿದ್ದರೆ, ಇವಳು ಬುಟ್ಟಿಯ ಹಿಂದೆ ಕೂತು ಎಂಬಿಎ ಪ್ರವೇಶ ಪರೀಕ್ಷೆಯ ದಪ್ಪ ಪುಸ್ತಕ ಓದುತ್ತಿದ್ದಳು. ನನಗೋ ಬಾಯಿ ಸುಮ್ಮನಿರುವುದಿಲ್ಲ. ಬಂಗಡೆ ಮಾರುವುದಕ್ಕಿಂತ ದೊಡ್ಡ ವ್ಯಾಪಾರವನ್ನು ಯಾವ ಕಾಲೇಜೂ ಕಲಿಸುವುದಿಲ್ಲ, ಅಲ್ಲಿ ಹೋಗಿ ಏನು ಮಾಡುತ್ತೀ ಎಂದು ಕೆಣಕಿದೆ. ಉತ್ತರ ಕೊಟ್ಟವಳು ಚಂಪಾ. ಮಾಸ್ತರರು ಬಾಯಿ ಖರ್ಚು ಮಾಡುವ ಬದಲು ಮಗಳಿಗೆ ಪಾಠ ಹೇಳಿಕೊಡಲಿ, ಬೇಕಾದರೆ ಎರಡು ಬಂಗಡೆ ಹೆಚ್ಚಿಗೆ ಹಾಕುತ್ತೇನೆ ಎಂದಳು. ಹಾಗೆ ೨೦೦೮ರ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಭಾನುವಾರದ ಪಾಠಕ್ಕೆ ನಾಲ್ಕನೆಯವಳಾಗಿ ವಿನುತಾ ಬಂದಳು.

ನಾನು ಅಗಸೂರಿನವನು. ಮೂವತ್ತು ವರ್ಷ ಕಾಮರ್ಸ್ ಕಲಿಸಿ ನಿವೃತ್ತನಾಗಿ, ಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರಬಾರದೆಂದು ಜಗಲಿಯಲ್ಲಿ ಪಾಠ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ನನಗೆ ಇಷ್ಟವಾದ ಭಾಗ ತಾರ್ಕಿಕ ವಿಚಾರದ ಪ್ರಶ್ನೆಗಳು. ಮೂರು ನಾಲ್ಕು ಸಾಲಿನಲ್ಲಿ ಒಂದು ವಾದ ಇರುತ್ತದೆ. ಅದರಲ್ಲಿ ಹೇಳದೆ ಬಿಟ್ಟ ಊಹೆ ಯಾವುದು, ಯಾವ ಸಂಗತಿ ಅದನ್ನು ದುರ್ಬಲಗೊಳಿಸುತ್ತದೆ ಎಂದು ಹುಡುಕಬೇಕು. ಮನೆಯಲ್ಲೂ ಪೇಟೆಯಲ್ಲೂ ಜನ ಆಡುವ ಜಗಳವೆಲ್ಲ ಇದೇ ಅಲ್ಲವೇ? ಪುಸ್ತಕದಲ್ಲಿದ್ದದ್ದು ಯಾವುದೋ ದೇಶದ ಕಾರ್ಖಾನೆಯ ಕತೆ. ಮಕ್ಕಳಿಗೆ ಬೇಸರ ಬರುತ್ತಿತ್ತು. ಅದಕ್ಕೇ ನಾನು ಊರಿನ ಸಂಗತಿಗಳನ್ನೇ ಹಿಡಿದು ಪ್ರಶ್ನೆ ಕಟ್ಟುತ್ತಿದ್ದೆ, ಅದರ ಬಗ್ಗೆ ಸಾಕಷ್ಟು ಜಂಬವೂ ಇತ್ತು. ಕೈಗಾದಲ್ಲಿ ಕೆಲಸಕ್ಕಿದ್ದವರ ಮಗ ವಿಕಾಸ ಉತ್ತರವನ್ನು ಕೂಗಿ ಹೇಳುತ್ತಿದ್ದ. ಅವನಿಗಿಂತ ಮೊದಲು ಬರೆದಿಟ್ಟು ಪೆನ್ನು ಮುಚ್ಚಿ ಕೂತಿರುತ್ತಿದ್ದವಳು ವಿನುತಾ.

ನವೆಂಬರಿನ ಒಂದು ಭಾನುವಾರ ನಾನು ಹೀಗೆ ಬರೆಸಿದೆ: ಕಾರವಾರದ ಬೈತಖೋಲ ಬಂದರು ಇವತ್ತು ಎಂದಿಲ್ಲದಷ್ಟು ದೋಣಿಗಳಿಂದ ತುಂಬಿದೆ. ಆದ್ದರಿಂದ ಇವತ್ತು ಮೀನು ಅಗ್ಗವಾಗುತ್ತದೆ. ಈ ವಾದವನ್ನು ದುರ್ಬಲಗೊಳಿಸುವ ಸಂಗತಿ ಯಾವುದು?

ವಿಕಾಸ ನಕ್ಕುಬಿಟ್ಟ. ಗಾಳಿಯ ಸುದ್ದಿ ಬಂದು ಊರೂರಿನ ದೋಣಿಗಳು ಮರೆಗೆಂದು ಬಂದು ನಿಂತಿರಬಹುದು, ಯಾರೂ ಮೀನು ಹಿಡಿದೇ ಇಲ್ಲ ಎಂದ. ಶಾಭಾಸ್ ಎಂದೆ. ವಿನುತಾಳ ಹಾಳೆ ಖಾಲಿ ಇತ್ತು. ಮೀನುಗಾರರ ಮಗಳಾಗಿ ಇಷ್ಟು ಗೊತ್ತಾಗಲಿಲ್ಲವೇ ಎಂದು ನಾನು ಎಲ್ಲರೆದುರು ಛೇಡಿಸಿದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಉಳಿದವರು ಹೋದ ಮೇಲೂ ಅವಳು ಜಗಲಿಯಿಂದ ಏಳಲಿಲ್ಲ. ಆಮೇಲೆ ಹೇಳಿದಳು.

ಅವಳ ಅಪ್ಪ ಜಟ್ಟ ಕಡಲಲ್ಲಿ ಹೋದದ್ದು ಹತ್ತು ವರ್ಷದ ಹಿಂದೆ, ಅವಳು ಏಳನೆಯ ತರಗತಿಯಲ್ಲಿದ್ದಾಗ. ಇಷ್ಟು ನನಗೂ ಗೊತ್ತಿತ್ತು. ಜೊತೆಗಾರ ಬೊಮ್ಮಯ್ಯ ಜಟ್ಟನನ್ನು ಒತ್ತಾಯ ಮಾಡಿ ಕರೆದೊಯ್ದು, ತಾನೊಬ್ಬನೇ ಬದುಕಿ ಬಂದ ಎಂದು ಅವರ ಊರಾದ ಕೇಣಿಯಲ್ಲೆಲ್ಲ ಹೇಳುತ್ತಿದ್ದರು. ಆಮೇಲೆ ಅವನು ಕಡಲಿಗೆ ಇಳಿಯಲಿಲ್ಲ, ಬೈತಖೋಲದಲ್ಲಿ ಲಾರಿಗೆ ಮೀನು ತುಂಬುತ್ತಿದ್ದ. ಅವನು ಪೇಟೆಗೆ ಬಂದರೆ ಚಂಪಾ ಸೆರಗು ಎಳೆದುಕೊಂಡು ಮುಖ ತಿರುಗಿಸುವುದನ್ನು ನಾನೇ ಕಂಡಿದ್ದೆ.

ವಿನುತಾ ಹೇಳಿದ್ದು ಬೇರೆ. ಮನೆಯವರೂ ಬೊಮ್ಮಯ್ಯನೂ ಅಗಸೂರಿನ ನೆಂಟರ ಮನೆಯ ಕಾರ್ಯಕ್ಕೆ ಎರಡು ದಿನ ಹೋಗಿದ್ದರಂತೆ. ಚಂಪಾ ಅಲ್ಲೇ ಉಳಿದಳು. ಅಪ್ಪ, ಬೊಮ್ಮಯ್ಯ, ಶಾಲೆ ತಪ್ಪಬಾರದೆಂದು ವಿನುತಾ, ಮೂವರೂ ಬೆಳಗಿನ ಮೊದಲ ಬಸ್ಸಿಗೆ ಕೇಣಿಗೆ ಮರಳಿದರು. ಅಪ್ಪನ ದೋಣಿ ಮನೆಯ ಹಿಂದೆ ಹಳ್ಳದ ಬಾಯಿಯಲ್ಲಿತ್ತು. ಉಳಿದವರು ಹೊರಟರೋ ಇಲ್ಲವೋ ದಂಡೆಗೆ ಹೋಗಿ ಕೇಳಿಕೊಂಡು ಬಾ ಎಂದು ಅಪ್ಪ ಅವಳನ್ನು ಓಡಿಸಿದ. ದಂಡೆಯಲ್ಲಿ ಒಂದು ದೋಣಿಯೂ ಇರಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ ಮಾಸ್ತಿ ಅಜ್ಜ ಬಲೆ ಹೊಲಿಯುತ್ತ ಕೂತಿದ್ದ. ಅವನ ಬಳಿ ಹೋದರೆ ಮಾತು ಮುಗಿಯುವುದಿಲ್ಲ, ಶಾಲೆಗೆ ಹೊತ್ತಾಗುತ್ತದೆ ಎಂದು ಅವಳು ಅಲ್ಲಿಂದಲೇ ತಿರುಗಿದಳು. ಎಲ್ಲರೂ ಮೀನಿಗೆ ಹೋಗಾಯಿತು ಎಂದು ಅಪ್ಪನಿಗೆ ಹೇಳಿದಳು.

ಅಪ್ಪ ಕೇಳಿದ್ದು ಒಂದೇ ಮಾತು. “ಕೇಳ್ದ್ಯಾ ತಂಗಿ? ಯಾರನ್ನ ಕೇಳ್ದೆ?”

“ಮಾಸ್ತಿ ಅಜ್ಜನ್ನ ಕೇಳ್ದೆ.”

ತಡವಾಯಿತೆಂದು ಬೈದುಕೊಳ್ಳುತ್ತ ಇಬ್ಬರೂ ಹೊರಟರು. ಗಾಳಿಯ ಸುದ್ದಿ ಕೇಳಿ ಕೇಣಿಯವರು ಹಿಂದಿನ ದಿನವೇ ದೋಣಿಗಳನ್ನು ಬೈತಖೋಲದ ಗುಡ್ಡದ ಮರೆಗೆ ಒಯ್ದಿದ್ದರು. ಮಧ್ಯಾಹ್ನ ಕಡಲು ಎದ್ದಿತು. ಮರುದಿನ ಟ್ರಾಲರಿನವರು ಬೊಮ್ಮಯ್ಯನನ್ನು ಎತ್ತಿ ತಂದರು. ಜಟ್ಟನ ಹೆಣ ಸಿಗಲೇ ಇಲ್ಲ, ಹುಲ್ಲಿನ ಬೊಂಬೆ ಮಾಡಿ ಸುಟ್ಟರು.

ದಂಡೆಯಲ್ಲಿ ಸೇರಿದ ಜನರ ನಡುವೆ ಮಾಸ್ತಿ ಅಜ್ಜ ಎದೆ ಬಡಿದುಕೊಂಡು, ಯಾರಾದರೂ ನನ್ನನ್ನು ಒಂದು ಮಾತು ಕೇಳಿದ್ದರೆ ತಡೆಯುತ್ತಿದ್ದೆನಲ್ಲ ಎಂದು ಅತ್ತನಂತೆ. ಕಂಬಳಿ ಹೊದ್ದು ಕೂತಿದ್ದ ಬೊಮ್ಮಯ್ಯ ತಲೆಯೆತ್ತಿ ವಿನುತಾಳನ್ನು ನೋಡಿದ. ಮಗಳು ಮಾಸ್ತಿ ಅಜ್ಜನನ್ನು ಕೇಳಿಯೇ ಬಂದಳೆಂದು ದೋಣಿಯಲ್ಲಿ ಜಟ್ಟ ಅವನಿಗೆ ಹೇಳಿದ್ದ. ಆಗ ಚಂಪಾ, ಈ ಗಾಳಿಯಲ್ಲಿ ಅವರನ್ನು ಹೊರಡಿಸಿದವರು ಯಾರು ಎಂದು ಕಿರುಚಿದಳು. ಬೊಮ್ಮಯ್ಯ, “ನಾನೇ ಕರ್ದೆ” ಎಂದ. ವಿನುತಾ ಸುಮ್ಮನಿದ್ದಳು. ಅಂದಿನಿಂದ ಸುಮ್ಮನೇ ಇದ್ದಳು.

ಈಗ ಪ್ರತಿ ಪ್ರಶ್ನೆಯ ಕೊನೆಗೂ ಅಪ್ಪನ ದನಿ ಕೇಳುತ್ತದೆ ಎಂದಳು. ಕನಸಿನಲ್ಲಾದರೆ ಎಚ್ಚರಾಗಬಹುದು. ಇದು ಹಾಡಹಗಲು, ಕೈಯಲ್ಲಿ ಪೆನ್ನು ಹಿಡಿದಾಗ. ಈ ವಾದಕ್ಕೆ ಆಧಾರವಾದ ಊಹೆ ಯಾವುದು ಎಂದು ಓದುವಷ್ಟರಲ್ಲಿ ಬೆನ್ನ ಹಿಂದಿನಿಂದ ‘ಕೇಳ್ದ್ಯಾ ತಂಗಿ?’ ಎನ್ನುತ್ತಾನೆ. ಒದ್ದೆ ಬಟ್ಟೆಯ ವಾಸನೆಯೂ ಬರುತ್ತದಂತೆ. ನನ್ನ ಜಗಲಿಯಲ್ಲಿ ಬಿಸಿಲಿತ್ತು, ಆದರೂ ಅವಳ ಬೆನ್ನ ಹಿಂದೆ ನೋಡಲು ನನಗೆ ಧೈರ್ಯವಾಗಲಿಲ್ಲ.

ನಾನು ಮೇಷ್ಟ್ರು, ಬೇರೆ ಏನು ಬರುತ್ತದೆ? ವಾದ ಹೂಡಿದೆ. ನೀನು ಹನ್ನೆರಡು ವರ್ಷದವಳು, ಅಪ್ಪ ಆಕಾಶ ನೋಡಬಲ್ಲವನು, ಗಾಳಿ ಬೇರೆ ಕಡೆ ತಿರುಗಬಹುದಿತ್ತು ಎಂದೆಲ್ಲ ಎಣಿಸಿದೆ.

ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು: “ಸರ್, ಅದೆಲ್ಲ ವಾದಾನ ದುರ್ಬಲ ಮಾಡ್ತದೆ. ಸುಳ್ಳು ಮಾಡೂದಿಲ್ಲ.”

ನನ್ನ ಮೂವತ್ತು ವರ್ಷದ ಪಾಠ ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಹೇಳಿದ್ದು ಇಷ್ಟೇ: ಅಪ್ಪನಿಗೆ ಉತ್ತರ ಕೊಡಲು ಇನ್ನು ಆಗದು, ಬೊಮ್ಮಯ್ಯ ಇನ್ನೂ ಬದುಕಿದ್ದಾನೆ.

ಆ ಸಂಜೆಯೇ ಅವಳು ತಾಯಿಗೆ ಹೇಳಿದಳು. ಚಂಪಾ ಮೀನು ಹೆಚ್ಚುತ್ತಿದ್ದಳಂತೆ. ಕೈ ನಿಂತಿತು. ಬೊಮ್ಮಯ್ಯನಿಗೆ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತು ಎಂದಾಗ ಉಳಿದ ಮೀನನ್ನೂ ಹೆಚ್ಚಿ ಮುಗಿಸಿದಳು. ಬೆಳಿಗ್ಗೆ ಬುಟ್ಟಿ ಹೊರದೆ, ಬರಿಗೈಯಲ್ಲಿ ಕಾರವಾರದ ಬಸ್ಸು ಹತ್ತಿದಳು.

ಬೈತಖೋಲದಲ್ಲಿ ಮೀನು ಹರಾಜು ನಡೆಯುತ್ತಿದ್ದಾಗ, ಅಷ್ಟು ಜನರ ಎದುರಿಗೆ, ಹತ್ತು ವರ್ಷದಲ್ಲಿ ಮೊದಲ ಬಾರಿ ಅವಳು ಬೊಮ್ಮಯ್ಯನ ಮುಖ ನೋಡಿ ಮಾತಾಡಿದಳು. ಸುಳ್ಳು ಹೇಳಿ ನನ್ನ ಬಾಯಿಂದ ಇಷ್ಟು ಶಾಪ ಹಾಕಿಸಿಕೊಂಡೆಯಲ್ಲ, ಯಾಕೆ ಎಂದು ಕೇಳಿದಳು. ಅವನು ಐಸಿನ ಪೆಟ್ಟಿಗೆ ಕೆಳಗಿಟ್ಟ.

“ಜಟ್ಟಣ್ಣ ಹೋಗಾಗಿತ್ತು. ಹುಡುಗಿನಾದ್ರೂ ಉಳೀಲಿ ಅಂದ್ಕಂಡೆ.”

ಚಂಪಾ ಅಲ್ಲಿ ಅಳಲಿಲ್ಲ. ಮಗಳ ಪರೀಕ್ಷೆ ಹುಬ್ಬಳ್ಳಿಯಲ್ಲಿದೆ, ಮುಂದಿನ ಭಾನುವಾರ, ನೀನೇ ಜೊತೆಗೆ ಹೋಗಬೇಕು ಎಂದು ಹೇಳಿ ಬಂದಳು.

ಮಗಳ ಜೊತೆ ಮಾತ್ರ ಆ ವಾರವೆಲ್ಲ ‘ಉಣ್ಣು’ ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲ. ಹೊರಡುವ ದಿನ ಎರಡು ಡಬ್ಬಿ ಕಟ್ಟಿದಳು, ಒಂದು ಬೊಮ್ಮಯ್ಯನಿಗೆ. ವಿನುತಾ ಕಾಲು ಮುಟ್ಟಲು ಬಗ್ಗಿದಾಗ ಹೇಳಿದಳು: “ಹನ್ನೆರಡು ವರ್ಷದ ಹುಡುಗಿ ಮೇಲೆ ನಂಗೆ ಸಿಟ್ಟಿಲ್ಲ. ಹತ್ತು ವರ್ಷ ಸುಮ್ನಿದ್ದವಳ ಮೇಲೆ ಅದೆ. ಅದು ಹೋಗೂಕೆ ದಿನ ಹಿಡೀತದೆ. ನೀ ಹೋಗಿ ಪರೀಕ್ಷೆ ಬರಿ.”

ಅವಳಿಗೆ ಸೀಟು ಸಿಕ್ಕಿತು. ಅಪ್ಪನ ದನಿ ಈಗಲೂ ಕೇಳುತ್ತದೆಯೇ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಪರೀಕ್ಷೆಯ ದಿನ ಗೇಟಿನ ಎದುರು ಆದದ್ದನ್ನು ಬೊಮ್ಮಯ್ಯನೇ ನನಗೆ ಹೇಳಿದ.

ಒಳಗೆ ಬಿಡುವ ಹೊತ್ತಾಗಿತ್ತು. ಎಲ್ಲರೂ ನುಗ್ಗುತ್ತಿದ್ದರು. ಅವನು ಸಹಜವಾಗಿ, ದೊಡ್ಡವರು ಕೇಳುವ ಹಾಗೆ ಕೇಳಿದ: “ಹಾಲ್ ಟಿಕೆಟ್ ತಂದ್ಯಾ ತಂಗಿ? ನೋಡ್ಕಂಡ್ಯಾ?”

ಹೂಂ ಎಂದು ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಹಿಂದಿನವರು ತಳ್ಳುತ್ತಿದ್ದರೂ ಚೀಲವನ್ನು ನೆಲಕ್ಕಿಳಿಸಿ, ಡಬ್ಬಿ, ಪುಸ್ತಕ, ಪೆನ್ನು ಎಲ್ಲ ಹೊರಗೆ ತೆಗೆದಳು. ತಳದಲ್ಲಿದ್ದ ಹಾಲ್ ಟಿಕೆಟ್ಟನ್ನು ಹುಡುಕಿ ಅವನ ಕೈಯಲ್ಲಿಟ್ಟಳು. ಬೊಮ್ಮಯ್ಯನಿಗೆ ಓದು ಬಾರದು. ಅವನು ಫೋಟೋದ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ನೋಡಿದ.

“ನೋಡ್ದೆ ಕಾಕಾ,” ಎಂದಳು ವಿನುತಾ. “ನೋಡೇ ಹೇಳ್ತಾ ಇದ್ದೇನೆ. ಟಿಕೆಟ್ ಅದೆ.”