ಬೂಟ್ ಪಟ್ಟಿಯೂ ಲಗ್ನಪತ್ರಿಕೆಯೂ

ಕಂಪ್ಯೂಟರಿಗೆ ಎಚ್ಚರವಾದ ಕೂಡಲೇ ತಾನು ಯಾರೆಂದು ಗೊತ್ತಿರುವುದಿಲ್ಲ ಎಂಬ ಸಂಗತಿ ಈಚೆಗೆ ತಿಳಿಯಿತು. ಕಾಫಿ ಕುಡಿಯುವ ತನಕ ನನ್ನದೂ ಅದೇ ಸ್ಥಿತಿಯಾದ್ದರಿಂದ ಅದರ ಮೇಲೆ ಕೊಂಚ ಮಮತೆ ಹುಟ್ಟಿತು.

ಆದದ್ದಿಷ್ಟು. ಮಗಳ ಲಗ್ನಪತ್ರಿಕೆಯಲ್ಲಿ ಯಾರ್ಯಾರ ಹೆಸರು ಇರಬೇಕೆಂದು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡು ಪಟ್ಟಿ ಮಾಡಿ ಕಂಪ್ಯೂಟರಿನಲ್ಲಿಟ್ಟಿದ್ದೆ. ಅಚ್ಚಿಗೆ ಕೊಡುವ ವಾರವೇ ಅದರ ಮದರ್‌ಬೋರ್ಡ್ ಸುಟ್ಟುಹೋಯಿತು. ನಮ್ಮೂರಿನ ಶಿರಾ ಗೇಟ್‌ನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಸವಿತಾ ಹೊಸ ಬೋರ್ಡ್ ಹಾಕಿದರೂ ಯಂತ್ರ ಏಳಲಿಲ್ಲ. ಪ್ರೆಸ್ಸಿನವರು ಅವಸರ ಮಾಡಿದರು. ನನ್ನ ಜ್ಞಾಪಕಶಕ್ತಿಯ ಬಗ್ಗೆ ನನಗಿರುವ ಹೆಮ್ಮೆ ಹೆಂಡತಿಗಿಲ್ಲ. ಅವಳು ಬೇಡವೆಂದರೂ ನೆನಪಿನಿಂದಲೇ ಹೆಸರು ಬರೆದುಕೊಟ್ಟು ಅಚ್ಚು ಹಾಕಿಸಿಬಿಟ್ಟೆ.

ಎರಡು ದಿನ ಬಿಟ್ಟು ಅಂಗಡಿಗೆ ಹೋದರೆ, "ಡಿಸ್ಕ್ ಚೆನ್ನಾಗೇ ಇದೆ ಸಾರ್. ಬೋರ್ಡ್ ಹೊಸ್ದಲ್ವಾ, ಈ ಡಿಸ್ಕಿನ ಹೆಸ್ರು ಅದ್ರ ಲಿಸ್ಟಲ್ಲಿ ಇಲ್ಲ ಅಷ್ಟೇ" ಎಂದರು ಸವಿತಾ.

ಬೋರ್ಡಿನೊಳಗೆ ಫರ್ಮ್‌ವೇರ್ ಎಂಬ ಯಜಮಾನನಿದ್ದಾನಂತೆ. ಮೊದಲು ಏಳುವವನು ಅವನೇ. ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಕೆಲಸ ಬೂಟ್ ಲೋಡರಿನದು. ಆ ಬೂಟ್ ಲೋಡರ್ ಯಾವ ಡಿಸ್ಕಿನ ಯಾವ ಮೂಲೆಯಲ್ಲಿದೆಯೆಂದು ಯಜಮಾನನ ಬಳಿ ಒಂದು ಪಟ್ಟಿ. ಸಿಸ್ಟಮ್ ಮನೆಗೆ ಬಂದ ದಿನವೇ ತನ್ನ ಲೋಡರಿನ ಹೆಸರನ್ನು ಅದರಲ್ಲಿ ಬರೆಸುತ್ತದೆ. ಎರಡು ಸಿಸ್ಟಮ್‌ಗಳಿದ್ದರೆ ಆಮೇಲೆ ಬಂದದ್ದು ಎಷ್ಟೋ ಸಲ ತನ್ನ ಹೆಸರನ್ನೇ ಮೇಲೆ ಹಾಕಿಕೊಳ್ಳುತ್ತದಂತೆ. ನಮ್ಮ ಕಡೆ ಮೊದಲ ತಾಂಬೂಲ ಯಾರಿಗೆಂದು ಚಪ್ಪರದಡಿ ನಡೆಯುವ ಜಗಳ ನೋಡಿದವರಿಗೆ ಇದೇನೂ ಹೊಸದಲ್ಲ. ನನ್ನ ಹೊಸ ಬೋರ್ಡಿನಲ್ಲಿ ಆದಂತೆ ಪಟ್ಟಿ ಖಾಲಿಯಿದ್ದರೆ ಯಜಮಾನ ಡಿಸ್ಕಿನ ಒಂದು ಗೊತ್ತಾದ ಜಾಗದಲ್ಲಿ ಇಣುಕಿ ನೋಡುತ್ತಾನೆ. ನನ್ನ ಡಿಸ್ಕಿನಲ್ಲಿ ಅಲ್ಲೂ ಏನೂ ಇರಲಿಲ್ಲ.

ಸವಿತಾ ಪಟ್ಟಿಯಲ್ಲಿ ಹೆಸರು ಸೇರಿಸಿದರು. ಯಂತ್ರ ಎದ್ದಿತು, ನನ್ನ ಪಟ್ಟಿ ತೆರೆದುಕೊಂಡಿತು. ಮೊದಲನೆಯ ಸಾಲಿನಲ್ಲೇ ಕುಣಿಗಲ್ ಚಿಕ್ಕಪ್ಪನ ಹೆಸರು. ಅಚ್ಚಾದ ಪತ್ರಿಕೆಯಲ್ಲಿ ಅದು ಎಲ್ಲೂ ಇಲ್ಲ.

ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತವರು, ಗುಬ್ಬಿಯಲ್ಲಿ ನನಗೆ ಹೆಣ್ಣು ಗೊತ್ತುಮಾಡಿದವರು ಈ ಚಿಕ್ಕಪ್ಪನೇ. ದೂರದ ಷಡ್ಡಕರನ್ನೂ ಬಿಡದ ನಾನು ಅವರನ್ನು ಬಿಟ್ಟಿದ್ದೆ. ಅವರು ಮುನಿಸಿಕೊಂಡು ಬರದಿದ್ದರೆ ನನ್ನ ಮಟ್ಟಿಗೆ ಅದು ಮದುವೆಯೇ ಅಲ್ಲ. ವಿಷಯ ಕೇಳಿದ ಹೆಂಡತಿ ಪತ್ರಿಕೆಗಳ ಚೀಲ ತಂದು ಕೈಗಿಟ್ಟಳು.

ಅದನ್ನು ಹಿಡಿದು ಕುಣಿಗಲ್ ಬಸ್ ಹತ್ತಿದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಒಂದೊಂದು ಹೆಸರಿನ ಮೇಲೂ ಬೆರಳಾಡಿಸುತ್ತ ಕೊನೆಯವರೆಗೆ ಓದಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅಡುಗೆಯೋರ್ಗೆ ಹೇಳಿದೀಯೇನ್ಲಾ?" ಎಂದರು.

"ಇನ್ನೂ ಇಲ್ಲ ಚಿಕ್ಕಪ್ಪ."

"ನೀನ್ ಹೇಳಲ್ಲ ಅಂತ ಗೊತ್ತಿತ್ತು. ಹೋದ್ ವಾರಾನೇ ನಾನ್ ಹೇಳಿದೀನಿ ಬುಡು. ಐವತ್ ಕಾರ್ಡ್ ಕೊಡು, ಈ ಕಡೆಯೋರ್ನ ನಾನೇ ಕರೀತೀನಿ."

"ಅದ್ರಲ್ಲಿ ನಿಮ್ ಹೆಸ್ರು ಬಿಟ್ಟೋಗಿದೆ ಚಿಕ್ಕಪ್ಪ..."

"ಓದ್ದೆ ಕಣೋ. ಕರೆಯೋಕೆ ನಾನೇ ಎದ್ರಿಗೆ ನಿಂತಿರ್ತೀನಲ್ಲ, ಕಾಣಲ್ವಾ ಅವ್ರಿಗೆ?" ಎಂದು ಚಪ್ಪಲಿ ಮೆಟ್ಟಿಕೊಂಡವರೇ ಪಕ್ಕದ ಮನೆಯ ಬಾಗಿಲು ತಟ್ಟಿದರು.