ಹುಳುಮನೆಗೆ ಬಂದ ವಾಷಿಂಗ್ ಮಿಷಿನ್ನು

ನಮ್ಮ ಪಕ್ಕದ ಮನೆಯ ಬೋರಲಿಂಗಯ್ಯ ವಾಷಿಂಗ್ ಮಿಷಿನ್ ತಂದು ನಾಲ್ಕು ತಿಂಗಳಾದರೂ ಅದರ ರಟ್ಟಿನ ಡಬ್ಬಿ ಬಿಚ್ಚಿರಲಿಲ್ಲ. ಕನಕಪುರದ ಅಂಗಡಿಯಿಂದ ಗೂಡ್ಸ್ ಆಟೋದಲ್ಲಿ ತಂದವರು ನಡುಮನೆಯಲ್ಲಿ ಎಲ್ಲಿ ಇಳಿಸಿ ಹೋದರೋ ಅಲ್ಲೇ ಅದು ನಿಂತಿತ್ತು. ಡಬ್ಬಿಯ ಮೇಲೆ ಒಂದು ಟವೆಲ್ಲು, ಟವೆಲ್ಲಿನ ಮೇಲೆ ಟಿವಿ ರಿಮೋಟು, ಬೀಗದ ಕೈ, ಎಲೆ ಅಡಿಕೆ ತಟ್ಟೆ. ಬಂದವರು ಅದನ್ನು ಸುತ್ತಿ ಬಳಸಿಕೊಂಡು ಒಳಗೆ ಹೋಗಬೇಕಿತ್ತು.

ಹಾಗೆ ಬಂದವರಿಗೆಲ್ಲ ಬೋರಣ್ಣನದು ಒಂದೇ ಪ್ರಶ್ನೆ.

“ಇದ್ನ ಎಲ್ಲಿ ಮಡಗದು? ಅಡುಗೆಮನೇಲೋ, ಹುಳುಮನೇಲೋ?”

ನಾನು ನಯನಾ, ಕೋಡಿಹಳ್ಳಿ ಹತ್ತಿರದ ಈ ಊರಿನ ಅಂಗನವಾಡಿ ಟೀಚರು. ದಿನಾ ಇಪ್ಪತ್ತೆರಡು ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವವಳು. ಒಂದೇ ಪ್ರಶ್ನೆಯನ್ನು ನಾಲ್ಕು ತಿಂಗಳು ಕೇಳುವ ಮಗು ನಮ್ಮಲ್ಲಿ ಒಂದೂ ಇಲ್ಲ.

ಪ್ರಶ್ನೆ ಸುಲಭದ್ದಲ್ಲ ಅನ್ನುವುದನ್ನೂ ಒಪ್ಪಬೇಕು. ಹಿತ್ತಿಲಿನ ಬಚ್ಚಲಿಗೆ ಮಿಷಿನ್ ಹಿಡಿಸುವುದಿಲ್ಲ. ಅಡುಗೆಮನೆಯಲ್ಲಿ ನಲ್ಲಿಯೂ ಇದೆ, ನೀರು ಹೋಗುವ ತೂಬೂ ಇದೆ. ಆದರೆ ಅದೇ ಗೋಡೆಯಲ್ಲಿ ದೇವರ ಗೂಡೂ ಇದೆ. ಉಟ್ಟು ಬಿಟ್ಟ ಬಟ್ಟೆ ಅಡುಗೆಮನೆಯ ಹೊಸಿಲು ದಾಟಬಾರದು ಅನ್ನುವುದು ಬೋರಣ್ಣನ ತಾಯಿಯ ಕಾಲದ ಕಟ್ಟಳೆ. ಇನ್ನು ಉಳಿದದ್ದು ಹಿಂದಿನ ದೊಡ್ಡ ಕೋಣೆ, ರೇಷ್ಮೆ ಹುಳು ಸಾಕುವ ಹುಳುಮನೆ. ಹುಳು ಇದ್ದ ದಿನಗಳಲ್ಲಿ ಆ ಮನೆಯಲ್ಲಿ ಊದುಬತ್ತಿ ಹಚ್ಚುತ್ತಿರಲಿಲ್ಲ, ಸೊಳ್ಳೆ ಬತ್ತಿ ಹಚ್ಚುತ್ತಿರಲಿಲ್ಲ, ನಾನು ಮುಖಕ್ಕೆ ಪೌಡರ್ ಹಾಕಿಕೊಂಡು ಹೋದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಹುಳುಗಳಿಗೆ ಯಾವ ವಾಸನೆಯೂ ಆಗಿಬರುವುದಿಲ್ಲ. ಘಮಘಮ ಸೋಪಿನ ಪುಡಿ ಒಂದು ಸಲ ಆ ಕೋಣೆ ಹೊಕ್ಕರೆ ಮತ್ತೆ ಅಲ್ಲಿ ಹುಳು ಸಾಕುವ ಮಾತೇ ಇಲ್ಲ ಅಂತ ಬೋರಣ್ಣ ನಂಬಿದ್ದ.

ಆದರೆ ಹುಳುಮನೆಯಲ್ಲಿ ಹುಳುವೇ ಇರಲಿಲ್ಲ. ಒಂದು ವರ್ಷದಿಂದ ಅದು ಖಾಲಿ. ತಟ್ಟೆಗಳು ಸ್ಟ್ಯಾಂಡಿನಲ್ಲಿ, ಹುಳು ಗೂಡು ಕಟ್ಟುವ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡು ಧೂಳು ತಿನ್ನುತ್ತಿದ್ದವು. ಆದರೂ ಈ ಮನುಷ್ಯ ಆಗಾಗ ಅಲ್ಲಿ ಸುಣ್ಣ ಬಳಿದು, ಬ್ಲೀಚಿಂಗ್ ಪೌಡರ್ ಚೆಲ್ಲಿ, ನಾಳೆಯೇ ಮರಿಹುಳು ಬರುತ್ತವೆ ಅನ್ನುವ ಹಾಗೆ ಬಾಗಿಲು ಮುಚ್ಚಿ ಬರುತ್ತಿದ್ದ. ಹುಳು ಸಾಕುವುದು ಇಬ್ಬರ ಕೆಲಸ. ಇನ್ನೊಬ್ಬಳು ಮಾಗಡಿಯಲ್ಲಿ, ತಮ್ಮನ ಮನೆಯಲ್ಲಿದ್ದಳು.

ಅವಳು ಮುನಿಯಕ್ಕ, ಬೋರಣ್ಣನ ಹೆಂಡತಿ. ಮದುವೆಯಾಗಿ ಇಪ್ಪತ್ತಾರು ವರ್ಷ, ಮಕ್ಕಳಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೆಚ್ಚಿ, ಹೊತ್ತು ಹೊತ್ತಿಗೆ ಹುಳುಗಳಿಗೆ ಉಣಿಸಿ, ಹಿಕ್ಕೆ ತೆಗೆದು, ತಟ್ಟೆ ತೊಳೆದು, ಅಷ್ಟೂ ಬಟ್ಟೆ ಕಲ್ಲಿನ ಮೇಲೆ ಒಗೆದು, ಅವಳ ಕೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದು ಹೋಗಿತ್ತು. ಬಿರುಕಿನಲ್ಲಿ ಸೋಪು ಹೊಕ್ಕರೆ ಉರಿ, ಬ್ಲೀಚಿಂಗ್ ಪೌಡರ್ ಹೊಕ್ಕರೆ ರಕ್ತ. ಒಂದು ಮಿಷಿನ್ ತರೋಣ ಅಂತ ಅವಳು ವರ್ಷಗಟ್ಟಲೆ ಕೇಳಿದ್ದಳು.

“ತರದೇನೋ ತರಬೌದು. ಎಲ್ಲಿ ಮಡಗ್ತೀಯಾ?” ಅನ್ನುತ್ತಿದ್ದ ಬೋರಣ್ಣ. ಆಗ ಅದು ಪ್ರಶ್ನೆಯಾಗಿರಲಿಲ್ಲ, ಬಾಯಿ ಮುಚ್ಚಿಸುವ ಉಪಾಯವಾಗಿತ್ತು.

ಹೋದ ವರ್ಷ ಹುಳು ಹಣ್ಣಾಗಿ ಗೂಡು ಕಟ್ಟಲು ನಾಲ್ಕೈದು ದಿನ ಇರುವಾಗ ಮುನಿಯಕ್ಕ ನೋಯುವ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನೋಡಲಾಗದೆ ನಾನೇ ನೋವಿನ ಮುಲಾಮು ಹಚ್ಚಿದೆ. ಅವಳು ಹೋಗಿ ಕೈ ತೊಳೆದುಕೊಂಡೇ ಸೊಪ್ಪು ಹಾಕಿದ್ದಳು. ಆದರೂ ಕರ್ಪೂರದಂಥ ಆ ಘಾಟು ಕೈಯಲ್ಲಿ ಉಳಿದಿತ್ತೋ ಏನೋ. ಮಾರನೆಯ ದಿನ ಹುಳುಗಳು ತಲೆಯೆತ್ತಿಕೊಂಡು ಸುಮ್ಮನೆ ಕೂತವು, ಸೊಪ್ಪು ಮುಟ್ಟಲಿಲ್ಲ. ಅದರ ಮಾರನೆಯ ದಿನ ಅರ್ಧಕ್ಕರ್ಧ ಸತ್ತವು.

ಅಂಗಳದಲ್ಲಿ ಸೊಪ್ಪು ಕೊಯ್ಯುವ ಆಳುಗಳಿದ್ದರು, ನಾನಿದ್ದೆ. ಬೋರಣ್ಣ ಅವಳ ಮುಂಗೈ ಹಿಡಿದೆತ್ತಿ, ಮೂಸಿ, ಎಲ್ಲರಿಗೂ ತೋರಿಸಿದ.

“ನೋಡ್ರಪ್ಪ, ಈ ಕೈಯ. ಮನೆ ಹಾಳ್ ಮಾಡ್ತು. ಈ ಕೈ ಇನ್ನ ಹುಳುಮನೆ ಒಳಕ್ಕೆ ಬರಕೂಡ್ದು.”

ಮುಲಾಮು ಕೊಟ್ಟವಳು ನಾನು ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಮುನಿಯಕ್ಕ ಕೈ ಬಿಡಿಸಿಕೊಂಡಳು. ಆ ದಿನದ ಬಟ್ಟೆಯನ್ನೂ ಒಗೆದಳು, ತಂತಿಗೆ ಹರವಿದಳು, ಮಧ್ಯಾಹ್ನದ ಬಸ್ಸು ಹತ್ತಿ ಹೋದಳು. ಒಣಗಿದ ಬಟ್ಟೆ ಒಳಗೆ ತರಬೇಕು ಅಂತ ಬೋರಣ್ಣನಿಗೆ ಹೊಳೆಯಲು ಮೂರು ದಿನ ಬೇಕಾಯಿತು.

“ಹೋಗಿ ಕರೆದುಕೊಂಡು ಬಾ, ತಪ್ಪಾಯ್ತು ಅನ್ನು,” ಅಂತ ನಾನು ಎಂಟು ತಿಂಗಳು ಹೇಳಿ ಹೇಳಿ ಸಾಕಾದೆ. ಅವನು ಮಾಗಡಿಯ ಬಸ್ಸು ಹತ್ತಲಿಲ್ಲ. ಕನಕಪುರಕ್ಕೆ ಹೋಗಿ ಮಿಷಿನ್ ತಂದ. ನಮ್ಮ ಗಂಡಸರಿಗೆ ತಪ್ಪಾಯ್ತು ಅನ್ನುವುದಕ್ಕಿಂತ ಒಂದು ಸಾಮಾನು ಹೊತ್ತು ತರುವುದು ಹಗುರ.

ಆಮೇಲೆ ಶುರುವಾಯಿತು ಈ ಎಲ್ಲಿ ಮಡಗದು ಪುರಾಣ. ಚನ್ನಪಟ್ಟಣದಿಂದ ಅವನ ಅಕ್ಕ ದೊಡ್ಡಲಕ್ಷ್ಮಮ್ಮ ಬಂದು, “ಅಡುಗೆಮನೇಲಿ ಚಡ್ಡಿ ಬನೀನು ತಿರುಗ್ಸುದ್ರೆ ದೇವ್ರು ಇರ್ತಾನೇನ್ಲಾ?” ಅಂತ ಗದರಿ ಹೋದಳು. ಮಿಷಿನ್ ಜೋಡಿಸುವ ಸಾಬೀರ್ ಕನಕಪುರದಿಂದ ಎರಡು ಸಲ ಬಂದು, ಎರಡು ಸಲವೂ ಕಾಫಿ ಕುಡಿದು ವಾಪಸ್ ಹೋದ. ಪೇಟೆಯಲ್ಲಿ ಎಷ್ಟೋ ಜನ ಅಡುಗೆಮನೆಯಲ್ಲೇ ಇಟ್ಟುಕೊಂಡಿದ್ದಾರೆ, ಒಂದು ಕರ್ಟನ್ ಹಾಕಿದರೆ ಆಯ್ತು ಅಂದ. ಬೋರಣ್ಣ ತಲೆಯಾಡಿಸಿದ. ಹಾಗಾದರೆ ಹಿಂದಿನ ಕೋಣೆ, ಹೇಗೂ ಖಾಲಿ ಅಂದ. ಅದಕ್ಕೂ ಬೋರಣ್ಣ ತಲೆಯಾಡಿಸಿದ.

“ಇನ್ನೊಂದ್ ಸಲ ಸುಮ್ನೆ ಕರೀಬೇಡಿ ಯಜಮಾನ್ರೇ. ಜಾಗ ನೋಡಿ ಆದ್ಮೇಲೆ ಫೋನ್ ಮಾಡಿ,” ಅಂತ ಹೇಳಿ ಸಾಬೀರ್ ಬೈಕ್ ಹತ್ತಿದ.

ಅವತ್ತು ನನಗೂ ರೇಗಿತು. “ಎಲ್ಲಾರ್ನೂ ಕೇಳ್ತೀಯ, ಯಾರ್ ಮಾತೂ ಕೇಳಲ್ಲ. ಯಾರ್ ಹೇಳಿದ್ರೆ ಡಬ್ಬಿ ಬಿಚ್ತೀಯ ಬೋರಣ್ಣ?”

ಅವನು ಡಬ್ಬಿಯ ಮೇಲಿನ ಟವೆಲ್ಲು ಸರಿಮಾಡಿದ. “ಅವ್ಳು ಹೇಳ್ಬೇಕು ಕಣವ್ವ. ಮನೆ ಅವಳ್ದಲ್ವಾ? ಜಾಗ ತೋರ್ಸುದ್ರೆ, ಬತ್ತೀನಿ ಅಂದಂಗೇ ಅಲ್ವಾ?”

ಸಿಟ್ಟೆಲ್ಲ ಇಳಿದು ಹೋಯಿತು. ಐವತ್ತೈದರ ಗಂಡಸು ಇಷ್ಟು ದಿನ ಆ ರಟ್ಟಿನ ಡಬ್ಬಿಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು, ತಾನೇ ಬೇಯಿಸಿದ ಮುದ್ದೆ ತಾನೇ ಉಂಡುಕೊಂಡು ಅವಳ ಒಂದು ಮಾತಿಗೆ ಕಾದಿದ್ದ. ನಾನು ಅಲ್ಲೇ ಮುನಿಯಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಮೊದಲು ಮುಲಾಮಿನ ವಿಷಯ ಹೇಳಿದೆ, ಅವತ್ತೇ ಬಾಯಿ ಬಿಡಬೇಕಿತ್ತು, ತಪ್ಪಾಯ್ತು ಅಂದೆ. “ನೀನೇನ್ ಮಾಡ್ದೆ ಬುಡವ್ವ,” ಅಂದಳು. ಆಮೇಲೆ ಬೋರಣ್ಣ ಮಿಷಿನ್ ತಂದಿದ್ದಾನೆ, ಇನ್ನೂ ಡಬ್ಬಿಯಲ್ಲೇ ಇದೆ, ಎಲ್ಲಿಡಬೇಕು ಅಂತ ಕೇಳುತ್ತಿದ್ದಾನೆ ಅಂದೆ.

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

“ಹುಳುಮನೇಲಿ ಮಡಗಕ್ಕೇಳು,” ಅಂದಳು.

“ಸೋಪಿನ ವಾಸ್ನೆ ಅಕ್ಕಾ. ಆಮೇಲೆ ಹುಳ ಸಾಕಂಗಿಲ್ವಲ್ಲ.”

“ಗೊತ್ತು ಕಣವ್ವ. ಹುಳ ಹೋದ್ರೂ ಚಿಂತೆ ಇಲ್ಲ ಅನ್ನಂಗಿದ್ರೆ ಅಲ್ಲಿ ಮಡುಗ್ಲಿ. ಇಲ್ದಿದ್ರೆ ಡಬ್ಬೀಲೇ ಇರ್ಲಿ.”

ಬೋರಣ್ಣನ ಮುಖ ಅರಳಿತು. ಫೋನಿನ ಹತ್ತಿರ ಬಾಗಿ ಕೇಳಿದ. “ಮಡುಗ್ತೀನಿ. ನಾಳೇನೇ ಮಡುಗ್ತೀನಿ. ನೀನ್ ಯಾವತ್ತು ಬತ್ತೀಯಾ?”

“ಬತ್ತೀನಿ ಅಂತ ನಾನೆಲ್ಲಂದೆ? ನೀವ್ ಕೇಳಿದ್ದು ಮಿಷಿನ್ ವಿಷ್ಯ. ಅದುಕ್ಕೆ ಹೇಳ್ದೆ.”

ನಾನು ಕೈಸನ್ನೆ ಮಾಡಿದೆ. ಹೇಳು, ಈಗಲಾದರೂ ತಪ್ಪಾಯ್ತು ಅನ್ನು. ಬೋರಣ್ಣ ಡಬ್ಬಿಯ ಮೇಲಿನ ರಿಮೋಟು ತೆಗೆದು ಪಕ್ಕಕ್ಕಿಟ್ಟ. ಅವಳು ಕಾದಳು, ನನಗೆ ಚೆನ್ನಾಗಿ ಗೊತ್ತು, ಅವಳು ಕಾದಳು. ಆಮೇಲೆ, “ಅನ್ನಕ್ಕಿಟ್ಟಿದ್ದೆ ನಯನಾ,” ಅಂತ ಇಟ್ಟುಬಿಟ್ಟಳು.

ಮಾರನೆಯ ದಿನ ಬೋರಣ್ಣ ಒಬ್ಬನೇ ತಟ್ಟೆ, ಚಂದ್ರಿಕೆ, ಸ್ಟ್ಯಾಂಡು ಎಲ್ಲವನ್ನೂ ಹೊತ್ತು ದನದ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ. ಸಾಬೀರ್ ಬಂದು, ಬಚ್ಚಲಿನಿಂದ ಪೈಪು ಎಳೆದು ಮಿಷಿನ್ ಜೋಡಿಸಿ, ಯಾವ ಗುಂಡಿ ಒತ್ತಬೇಕು ಅಂತ ಮೂರು ಸಲ ಹೇಳಿಕೊಟ್ಟ. ತುಂಬಾ ಕಮ್ಮಿ ಬಟ್ಟೆ ಹಾಕಿದರೆ ಒಂದೇ ಕಡೆ ಸೇರಿಕೊಂಡು ಮಿಷಿನ್ ಕುಣಿಯುತ್ತೆ ಅಂತಲೂ ಹೇಳಿದ. ಹುಳುಮನೆಯಲ್ಲಿ ಬೆಳ್ಳಗೆ ನಿಂತ ಮಿಷಿನ್ನಿನ ಫೋಟೋ ತೆಗೆದು ಮುನಿಯಕ್ಕನಿಗೆ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಬೋರಣ್ಣ ಒಂದು ವಾರ ದಿನಕ್ಕೆರಡು ಸಲ ಬಂದು ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ.

ಒಂದು ಭಾನುವಾರ ಬೆಳಿಗ್ಗೆ ಅಂಗಳ ಗುಡಿಸುತ್ತಾ ತಲೆಯೆತ್ತಿದರೆ ಅವರ ತಂತಿಯ ಮೇಲೆ ಸೀರೆಗಳು. ಮುನಿಯಕ್ಕನ ಹಸಿರು ಸೀರೆ, ಮಾವಿನಕಾಯಿ ಬಾರ್ಡರಿನದು, ಗೌರಿ ಹಬ್ಬಕ್ಕೆ ಉಡುತ್ತಿದ್ದ ಅರಿಶಿನ ಬಣ್ಣದ್ದು, ಒಟ್ಟು ಆರು. ಪೊರಕೆ ಬಿಸಾಕಿ ಓಡಿದೆ. ಬೇಲಿ ದಾಟುವಾಗಲೇ ಕೂಗಿದೆ. “ಅಕ್ಕಾ! ಯಾವಾಗ್ ಬಂದೆ?”

ಬೋರಣ್ಣ ಒಬ್ಬನೇ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಎದ್ದು ನಿಂತ, ಅವನೇ ಏನೋ ತಪ್ಪು ಮಾಡಿದವನ ಹಾಗೆ.

“ಬಂದಿಲ್ಲ ಕಣವ್ವ. ನನ್ ಎರಡು ಪಂಚೆಗೆ ಮಿಷಿನ್ನು ತುಂಬಾಕಿಲ್ಲ, ಕುಣೀತದೆ. ಇವು ಅವಳ ಟ್ರಂಕಿನಾಗಿದ್ವು. ಜೊತೇಗಿರ್ಲಿ ಅಂತ ಹಾಕ್ದೆ.”

ಒಗೆದು ಮಡಚಿಟ್ಟಿದ್ದ ಸೀರೆಗಳು ಅವು, ಕೊಳೆಯೇ ಇರಲಿಲ್ಲ. ಆ ಬೆಳಿಗ್ಗೆ ಇನ್ನೂ ಇಬ್ಬರು ದಾರಿಯಲ್ಲಿ ನಿಂತು, ಮುನಿಯಮ್ಮ ಬಂದಳಾ ಅಂತ ಕೇಳಿದರು. ಇಬ್ಬರಿಗೂ ಅವನೇ ಇಲ್ಲ ಅಂದ.

ಸಂಜೆ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದ. ಸೀರೆ ಒಬ್ಬನಿಗೇ ಮಡಚಲು ಬರುತ್ತಿಲ್ಲ, ಒಸಿ ಒಂದು ತುದಿ ಹಿಡಿದುಕೊಳ್ಳುತ್ತೀಯಾ ಅಂದ. ಹೋದೆ. ನಾನೊಂದು ತುದಿ, ಅವನೊಂದು ತುದಿ, ನಡುವೆ ಮುನಿಯಕ್ಕನ ಸೀರೆ. ಹಾಗೇ ಐದು ಸೀರೆ ಮಡಚಿದೆವು. ಆರನೆಯದರ ತುದಿಯನ್ನು ನನ್ನ ಕೈಗೆ ಕೊಟ್ಟು, ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡ.

“ಇಷ್ಟು ಒಗುದ್ರೂ ಕೈ ಒಂಚೂರೂ ಉರೀನಿಲ್ಲ ಕಣವ್ವ,” ಅಂದ. “ಮೊದ್ಲೇ ತರಬೇಕಾಗಿತ್ತು. ತಪ್ಪಾಗೋಯ್ತು.”

ಒಂದು ವರ್ಷ ನಾನು ಹೇಳಿಸಲು ಹೆಣಗಿದ ಮಾತು. ಹೇಳಿದ್ದು ನನಗೆ. ಫೋನ್ ತೆಗೆದು, ಮುನಿಯಕ್ಕನ ನಂಬರ್ ಒತ್ತಿ, ಅವನ ಕೈಗಿಟ್ಟೆ. ರಿಂಗ್ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಅದು ತಾನಾಗಿ ನಿಂತ ಮೇಲೂ ಬೋರಣ್ಣ ಫೋನನ್ನು ಕಿವಿಯಿಂದ ತೆಗೆಯದೆ, ಮಡಚಿದ ಸೀರೆಗಳನ್ನು ಇನ್ನೊಂದು ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದ.